ನಮ್ಮ ಪಿಕಪ್ಪಿನ ಮೂಗು

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬ ಯಂತ್ರದ ವಿಷಯವಾಗಿ ಬರೆಯಹೊರಟರೆ ನಗುವವರು ಹತ್ತು ಮಂದಿಯಾದರೂ ಇರುತ್ತಾರೆಂಬುದನ್ನು ನಾನು ಬಲ್ಲೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ, ಇವು ನಾನು ಓದುತ್ತಿರುವ ವಿಷಯಗಳು. ಸಂಪಾದಕ ಮಿತ್ರರು ಲೇಖನ ಬೇಕೆಂದು ಬೆನ್ನು ಬಿದ್ದಾಗ ಹೊಯ್ಸಳರ ಕಾಲದ ಕೆರೆಗಳನ್ನು ಕುರಿತು ನಾಲ್ಕು ಪುಟ ಬರೆದುಕೊಡುವುದಾಗಿ ಒಪ್ಪಿಕೊಂಡಿದ್ದೆ. ಆದರೆ ಕಳೆದ ಬೇಸಗೆಯಿಂದ ಮಳೆಗಾಲದವರೆಗೆ ನನ್ನ ತಲೆಯನ್ನೆಲ್ಲ ತುಂಬಿಕೊಂಡಿದ್ದವರು ಹೊಯ್ಸಳರಲ್ಲ. ನಮ್ಮ ಅಣ್ಣನ ಪಿಕಪ್ ಗಾಡಿ. ತಲೆಯಲ್ಲಿ ಇದ್ದುದನ್ನು ಬಿಟ್ಟು ಇಲ್ಲದ್ದನ್ನು ಬರೆಯುವುದು ವಾಚಕರಿಗೆ ಬಗೆವ ದ್ರೋಹವಾದೀತೆಂದು ಹೆದರಿ ಇದನ್ನೇ ಬರೆದಿದ್ದೇನೆ. ಕೆರೆಗಳು ಮುಂದಿನ ಸಂಚಿಕೆಯವರೆಗೆ ಬತ್ತಲಾರವು.

ಗಾಡಿ ಹನ್ನೆರಡು ವರ್ಷ ಹಳೆಯದು, ಎರಡನೆಯ ಕೈಯದು. ಎರಡೂವರೆ ಲೀಟರಿನ ಡೀಸೆಲ್ ಎಂಜಿನ್ನು. ಟರ್ಬೊ ಇದೆ, ಇಂಟರ್‌ಕೂಲರ್ ಇಲ್ಲ. ಅಣ್ಣ ಅದನ್ನು ಸಾಲ ಮಾಡಿ ಕೊಂಡ. ಹಾಸನದ ಮಾರುಕಟ್ಟೆಯಿಂದ ಆಲೂಗಡ್ಡೆ, ಶುಂಠಿ ಹೇರಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವುದು, ಬರುವಾಗ ತೆಂಗಿನಕಾಯಿಯೋ ಹೆಂಚೋ ಸಿಕ್ಕಿದ್ದನ್ನು ತುಂಬಿಕೊಂಡು ಏರುವುದು. ಇಳಿಯುವಾಗ ಏನೂ ತೊಂದರೆಯಿಲ್ಲ. ಏರುವಾಗ ಗುಂಡ್ಯ ದಾಟಿತೆಂದರೆ ಮಾರನಹಳ್ಳಿಯವರೆಗೆ ಗಾಡಿ ಎರಡನೆಯ ಗೇರಿನಲ್ಲೇ ತೆವಳುತ್ತಿತ್ತು. ಹಿಂದೆ ಕರಿಯ ಹೊಗೆ. ಅದರಲ್ಲಿ ಸಿಕ್ಕಿಕೊಂಡ ಬೈಕಿನವರು ದಾಟಿ ಮುಂದೆ ಹೋಗುವಾಗ ತಿರುಗಿ ನೋಡಿ ಏನೆನ್ನುತ್ತಿದ್ದರೆಂಬುದನ್ನು ಕಾಲೇಜು ಪತ್ರಿಕೆಯಲ್ಲಿ ಬರೆಯಲಾಗದು.

ಅಣ್ಣನಿಗೆ ಇದೊಂದು ಕೊರಗು. ಒಂದು ದಿನ ಬೆಂಗಳೂರಿಗೆ ಬಾಡಿಗೆ ಹೋದವನು ಬಾನೆಟ್ಟಿನ ಕೆಳಗೆ ಹೊಸ ಒಡವೆಯೊಂದನ್ನು ಹಾಕಿಸಿಕೊಂಡು ಬಂದ. ಕಂಪನಿಯವರು ಕೊಟ್ಟಿದ್ದ ಕರಿಯ ಪ್ಲಾಸ್ಟಿಕ್ ಡಬ್ಬ ಹೋಗಿತ್ತು. ಅದರ ಜಾಗದಲ್ಲಿ ಥಳಥಳಿಸುವ ಅಲ್ಯುಮಿನಿಯಂ ಕೊಳವೆ, ಅದರ ತುದಿಗೆ ತೆಂಗಿನಕಾಯಿ ಗಾತ್ರದ ಕೆಂಪು ಫಿಲ್ಟರು. ಇದಕ್ಕೆ ಕೋಲ್ಡ್ ಏರ್ ಇನ್‌ಟೇಕ್, ಎಂದರೆ ತಂಗಾಳಿ ಎಳೆದುಕೊಳ್ಳುವ ಕೊಳವೆ, ಎಂದು ಹೆಸರಂತೆ. ಬೆಲೆ ಒಂಬತ್ತೂವರೆ ಸಾವಿರ. ಆ ತಿಂಗಳ ಕಂತಿನ ಹಣದಿಂದ ತೆಗೆದದ್ದು. ಅಪ್ಪನಿಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡ.

“ಹತ್ತು ಪರ್ಸೆಂಟ್ ಪವರ್ ಜಾಸ್ತಿ ಆಗುತ್ತಂತೆ ಕಣೋ. ಕೇಳು, ಸದ್ದೇ ಹೇಗಿದೆ!” ಎಂದ.

ಸದ್ದು ನಿಜವಾಗಿಯೂ ಚೆನ್ನಾಗಿತ್ತು. ಆಕ್ಸಲರೇಟರ್ ಒತ್ತಿದರೆ ಹುಲಿ ಗುರುಗುಟ್ಟಿದಂತೆ. ಆದರೆ ಅದೇ ವಾರ ನಾನೂ ಜೊತೆಯಲ್ಲಿ ಕೂತು ಘಾಟಿ ಏರಿದೆ. ಹುಲಿ ಗುರುಗುಟ್ಟುತ್ತಲೇ ಇತ್ತು. ಗಾಡಿ ಎರಡನೆಯ ಗೇರಿನಲ್ಲೇ ಇತ್ತು. ಹೊಗೆ ಮೊದಲಿಗಿಂತ ದಪ್ಪವಾಗಿತ್ತು.

ಇದೇಕೆ ಹೀಗೆ ಎಂದು ತಿಳಿಯಬೇಕಾದರೆ ಎಂಜಿನ್ನು ಉಸಿರಾಡುವ ಬಗೆಯನ್ನು ಸ್ವಲ್ಪ ನೋಡಬೇಕು. ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟರ ಮನೆಗೆ ಎರಡು ಸಂಜೆ ಹೋಗಿ, ಕಾಫಿ ಕುಡಿದು, ನಾನು ತಿಳಿದುಕೊಂಡದ್ದು ಇಷ್ಟು.

ನಾಲ್ಕು ಹೊಡೆತದ ಎಂಜಿನ್ನು ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಒಳಗೆಳೆಯುತ್ತದೆ. ಎರಡೂವರೆ ಲೀಟರಿನ ಎಂಜಿನ್ನು ನಿಮಿಷಕ್ಕೆ 2400 ಸುತ್ತು ತಿರುಗಿತೆನ್ನಿ. ಸುತ್ತಿಗೆ ಒಂದೂಕಾಲು ಲೀಟರಿನಂತೆ ನಿಮಿಷಕ್ಕೆ 3000 ಲೀಟರು ಗಾಳಿಯಾಯಿತು. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ನಿಜವಾದ ಲೆಕ್ಕ ಇದಕ್ಕೂ ಹೆಚ್ಚು. ಸುಮ್ಮನೆ ಕುಳಿತ ಮನುಷ್ಯನಿಗೆ ನಿಮಿಷಕ್ಕೆ ಏಳೆಂಟು ಲೀಟರು ಗಾಳಿ ಸಾಕು. ಎಂದ ಮೇಲೆ ವಾರ್ಷಿಕೋತ್ಸವದ ದಿನ ನಮ್ಮ ಸಭಾಂಗಣದಲ್ಲಿ ನಾನೂರು ಜನ ಕುಳಿತು ಉಸಿರಾಡುವಷ್ಟನ್ನು ಈ ಒಂದು ಗಾಡಿ ಒಂದೇ ಮೂಗಿನಿಂದ ಎಳೆಯುತ್ತದೆ.

ಆದರೆ ಎಂಜಿನ್ನಿಗೆ ಬೇಕಾದದ್ದು ಗಾಳಿಯ ಗಾತ್ರವಲ್ಲ, ತೂಕ. ಒಂದು ಗ್ರಾಂ ಡೀಸೆಲ್ ಪೂರ್ತಿ ಉರಿಯಲು ಹದಿನಾಲ್ಕೂವರೆ ಗ್ರಾಂ ಗಾಳಿ ಬೇಕು. ಡೀಸೆಲ್ ಎಂಜಿನ್ನಿನಲ್ಲಿ ಇದಕ್ಕಿಂತ ಬಹಳ ಹೆಚ್ಚು ಗಾಳಿ ಇದ್ದರೇನೇ ಕೆಲಸ ಶುದ್ಧವಾಗಿ ನಡೆಯುವುದು. ಗಾಳಿ ಸಾಲದೆ ಬಂದರೆ ಉರಿಯದೆ ಉಳಿದ ಇಂಗಾಲವೇ ಕರಿಯ ಹೊಗೆ. ಬೈಕಿನವರು ಬೈಯುತ್ತಿದ್ದುದು ನಾವು ದುಡ್ಡು ಕೊಟ್ಟು ತುಂಬಿಸಿದ ಡೀಸೆಲ್ಲನ್ನೇ.

ಗಾಳಿ ಬಿಸಿಯಾದರೆ ಹಿಗ್ಗುತ್ತದೆ, ಹಿಗ್ಗಿದರೆ ಹಗುರವಾಗುತ್ತದೆ. ಇತಿಹಾಸದ ವಿದ್ಯಾರ್ಥಿಯಾದ್ದರಿಂದ ಇಲ್ಲೊಂದು ಮಾತು ಸೇರಿಸುತ್ತೇನೆ: ಈ ನಿಯಮಕ್ಕೆ ಯಾರ ಹೆಸರಿದೆಯೋ ಆ ಫ್ರಾನ್ಸಿನ ಷಾರ್ಲ್, 1783ರ ಡಿಸೆಂಬರ್ 1ರಂದು ಪ್ಯಾರಿಸ್ಸಿನಲ್ಲಿ ಜಲಜನಕ ತುಂಬಿದ ಬಲೂನಿನಲ್ಲಿ ಕುಳಿತು ಆಕಾಶಕ್ಕೆ ಏರಿದವನು. ನಿಯಮವನ್ನು ಅಚ್ಚಿನಲ್ಲಿ ಹೊರತಂದದ್ದು ಮಾತ್ರ ಗೇ ಲುಸಾಕ್, 1802ರಲ್ಲಿ. ಮೇಷ್ಟರು ನನಗೆ ಹೇಳಿಕೊಟ್ಟ ಲೆಕ್ಕ ಬಹು ಸುಲಭ. ಗಾಳಿಯ ಉಷ್ಣತೆಗೆ 273 ಕೂಡಿಸಿ, ಆ ಮೊತ್ತದಿಂದ 353ನ್ನು ಭಾಗಿಸಿದರೆ, ಕಡಲ ಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿ ಎಷ್ಟು ಕಿಲೊಗ್ರಾಂ ತೂಗುತ್ತದೆಂಬುದು ಬರುತ್ತದೆ. 32 ಡಿಗ್ರಿಯ ಗಾಳಿ 1.157 ಕಿಲೊ. 61 ಡಿಗ್ರಿಯದು 1.057.

61 ಎಂಬ ಸಂಖ್ಯೆಯನ್ನು ಸುಮ್ಮನೆ ಆರಿಸಿಕೊಂಡಿಲ್ಲ. ಫ್ರಿಜ್ಜಿನ ಉಷ್ಣತೆ ನೋಡಲು ಉದ್ದ ತಂತಿಯಿರುವ ಒಂದು ಸಣ್ಣ ಥರ್ಮಾಮೀಟರು ಸಿಗುತ್ತದೆ, ಬೆಲೆ ಹೆಚ್ಚಿಲ್ಲ. ಅದರ ತುದಿಯನ್ನು ಕೆಂಪು ಫಿಲ್ಟರಿನ ಪಕ್ಕಕ್ಕೆ ಕಟ್ಟಿ, ತಂತಿಯನ್ನು ಕ್ಯಾಬಿನ್ನಿನ ಒಳಗೆ ತಂದು, ಘಾಟಿ ಏರುವಷ್ಟು ಹೊತ್ತೂ ಹಾಳೆಯ ಮೇಲೆ ಬರೆದುಕೊಂಡು ಕುಳಿತೆ. ಹೊರಗೆ 32 ಡಿಗ್ರಿ. ಫಿಲ್ಟರಿನ ಬಳಿ ಅಡ್ಡಹೊಳೆ ಕಳೆಯುವ ಹೊತ್ತಿಗೆ 50, ಅರ್ಧ ಘಾಟಿಯಲ್ಲಿ 61. ತಂಗಾಳಿಯ ಕೊಳವೆ ಎಂದು ಕೊಂಡುತಂದದ್ದು ರೇಡಿಯೇಟರು ಬಿಟ್ಟ ಬಿಸಿ ಉಸಿರನ್ನೇ ಕುಡಿಯುತ್ತಿತ್ತು. ಹತ್ತು ಪರ್ಸೆಂಟ್ ಸಿಗುವುದಿರಲಿ, ಹೊರಗಿನ ಗಾಳಿಗೆ ಹೋಲಿಸಿದರೆ ನೂರಕ್ಕೆ ಒಂಬತ್ತರ ಹತ್ತಿರ ನಷ್ಟ.

ಇನ್ನೊಂದು ಮಾತು. ಅಣ್ಣನನ್ನು ಮೋಸಗೊಳಿಸಿದ್ದು ಅಂಗಡಿಯವನಿಗಿಂತ ಹೆಚ್ಚಾಗಿ ಅವನ ಕಿವಿ. ಆ ಕರಿಯ ಡಬ್ಬ ಇದೆಯಲ್ಲ, ಅದು ಧೂಳು ಸೋಸುವುದರ ಜೊತೆಗೆ ಎಂಜಿನ್ನು ಉಸಿರೆಳೆಯುವ ಸದ್ದನ್ನೂ ಅಡಗಿಸುತ್ತದೆ. ಡಬ್ಬ ತೆಗೆದೊಡನೆ ಸದ್ದು ಹೊರಬರುತ್ತದೆ. ಸದ್ದು ಜಾಸ್ತಿಯಾದರೆ ಶಕ್ತಿ ಜಾಸ್ತಿಯಾಯಿತೆಂದು ನಂಬುವುದು ಗಾಡಿಗಳ ವಿಷಯದಲ್ಲಿ ಮಾತ್ರವೇ ನಡೆಯುವ ತಪ್ಪೇನೂ ಅಲ್ಲ. ಇರಲಿ.

ಹಾಳೆಯನ್ನು ಅಣ್ಣನಿಗೆ ತೋರಿಸಿದೆ. “ನೀನು ಓದೋದು ಹಿಸ್ಟರಿ ಅಲ್ವೇನೋ?” ಎಂದವನು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ತಪ್ಪು ಹೇಳಿದ್ದಕ್ಕಲ್ಲ, ಕಂತಿನ ಹಣ ಹೋದದ್ದು ಅವನಿಗೂ ಗೊತ್ತಿತ್ತು. ಮೂರನೆಯ ದಿನ ಅವನೇ ಬಂದು, ಬೆಂಗಳೂರಿನಿಂದ ಸೀಟಿನ ಹಿಂದೆ ಹಾಕಿಕೊಂಡು ಬಂದಿದ್ದ ಹಳೆಯ ಡಬ್ಬವನ್ನು ಹೊರಗೆ ತೆಗೆದಿಟ್ಟ. ಇಬ್ಬರೂ ಅದನ್ನು ಹೊತ್ತುಕೊಂಡು ನಮ್ಮ ಊರಿನ ಹಳೆಯ ಮೇಸ್ತ್ರಿಗಳ ಬಳಿಗೆ ಹೋದೆವು.

ಮೇಸ್ತ್ರಿಗಳು ಬಾನೆಟ್ ಎತ್ತಿ ನೋಡಿ ನಕ್ಕುಬಿಟ್ಟರು. “ಮೂಗು ಕುಯ್ದು ಮೂಗುತಿ ಹಾಕಿಸಿದ್ದೀರಲ್ಲಪ್ಪ!” ಎಂದರು. ಆಮೇಲೆ ಡಬ್ಬವನ್ನು ತಿರುಗಿಸಿ, ಅದರ ಬಾಯಿಯ ಸುತ್ತ ಇದ್ದ ಅಂಚನ್ನು ಬೆರಳಿನಿಂದ ತೋರಿಸಿದರು. ಅಲ್ಲಿ ಒಂದು ಕೊಳವೆ ಇರಬೇಕಾಗಿತ್ತು. ಕಂಪನಿಯಿಂದ ಬರುವಾಗ ಆ ಕೊಳವೆ ಮುಂದಿನ ಮಡ್‌ಗಾರ್ಡಿನ ಒಳಗಿನವರೆಗೆ ಹೋಗಿ ಹೊರಗಿನ ಗಾಳಿಯನ್ನು ತರುತ್ತಿತ್ತು. ಹಿಂದಿನ ಯಜಮಾನನ ಕಾಲದಲ್ಲಿ ಯಾರೋ ರಿಪೇರಿ ಮಾಡುವಾಗ ಬಿಚ್ಚಿ ಎಸೆದಿದ್ದರು. ಅಂದರೆ ಅಣ್ಣ ಕೊಂಡ ದಿನದಿಂದಲೂ ಗಾಡಿ ಬಿಸಿಗಾಳಿಯನ್ನೇ ಎಳೆಯುತ್ತಿತ್ತು. ಡಬ್ಬವನ್ನು ಮತ್ತೆ ಕೂರಿಸಿ ಘಾಟಿಯಲ್ಲಿ ಅಳೆದಾಗ 53 ಡಿಗ್ರಿ ಬಂತು.

ನನಗೆ ಆಶ್ಚರ್ಯವಾದದ್ದು ಇದೇ. ಇಂದಿನ ಹೆಚ್ಚುಪಾಲು ಗಾಡಿಗಳಿಗೆ ತಂಗಾಳಿಯ ಕೊಳವೆಯನ್ನು ಕಾರ್ಖಾನೆಯವರೇ ಇಟ್ಟಿರುತ್ತಾರೆ. ನೋಡಲು ಚೆಂದವಿಲ್ಲದ ಕರಿಯ ಪ್ಲಾಸ್ಟಿಕ್ಕಾದ್ದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ನಾವೀಗ ಮಾಡಬೇಕಾಗಿದ್ದುದು ಹೊಸ ಶಕ್ತಿಯನ್ನು ಸೇರಿಸುವ ಕೆಲಸವಲ್ಲ. ಕಳೆದುಹೋದ ಮೂಗನ್ನು ಕಟ್ಟಿಕೊಡುವ ಕೆಲಸ. ಅದೇ ಕೊಳವೆ ಬೇಕೆಂದು ಹುಡುಕಿದೆವು, ಆ ಮಾದರಿಗೆ ಸಿಗಲಿಲ್ಲ. ನಾವೇ ಮಾಡಿಕೊಳ್ಳುವುದೆಂದು ತೀರ್ಮಾನವಾಯಿತು.

ಮೊದಲ ಪ್ರಶ್ನೆ, ಮೂಗಿನ ಹೊಳ್ಳೆ ಎಲ್ಲಿರಬೇಕು? ಅಣ್ಣ ಬಂಪರಿನ ಹಿಂದೆ, ಕೆಳಗೆ ಇರಲಿ ಎಂದ. ಅಲ್ಲಿ ಗಾಳಿ ತಂಪಾಗಿರುತ್ತದೆ, ನಿಜ. ಮೇಸ್ತ್ರಿಗಳು ಅದನ್ನು ಒಪ್ಪಲಿಲ್ಲ. ಅಣ್ಣನ ಗೆಳೆಯರೊಬ್ಬರ ಗಾಡಿಯ ಕಥೆಯನ್ನು ನೆನಪಿಸಿದರು. ಅವರು ಹಾಗೆಯೇ ಕೆಳಗಿನಿಂದ ಕೊಳವೆ ಹಾಕಿಸಿದ್ದರು. ಜುಲೈ ತಿಂಗಳ ಒಂದು ರಾತ್ರಿ ತಗ್ಗಿನಲ್ಲಿ ಮೊಣಕಾಲುದ್ದ ನೀರು ನಿಂತಿದ್ದ ಕಡೆ ಗಾಡಿ ಇಳಿಸಿದರು. ಎಂಜಿನ್ನು ಗಾಳಿಯ ಬದಲು ನೀರು ಕುಡಿಯಿತು. ಡೀಸೆಲ್ ಎಂಜಿನ್ನು ಗಾಳಿಯನ್ನು ಅದರ ಗಾತ್ರದ ಹದಿನಾರರಲ್ಲೋ ಹದಿನೆಂಟರಲ್ಲೋ ಒಂದು ಪಾಲಿಗೆ ಒತ್ತುತ್ತದೆ. ಗಾಳಿ ಒತ್ತಿಸಿಕೊಳ್ಳುತ್ತದೆ, ನೀರು ಒತ್ತಿಸಿಕೊಳ್ಳುವುದಿಲ್ಲ. ಮೇಲೇರಿದ ಪಿಸ್ಟನ್ನು ನೀರಿಗೆ ಹೊಡೆದು ನಿಂತಿತು, ಕನೆಕ್ಟಿಂಗ್ ರಾಡು ಬಾಗಿತು. ಗಾಡಿ ಮೂರು ತಿಂಗಳು ಷೆಡ್ಡಿನಲ್ಲಿತ್ತು. ಆ ಮೂರು ತಿಂಗಳೂ ಕಂತು ನಿಲ್ಲಲಿಲ್ಲ. ಕೆಂಪುಹೊಳೆಯ ಪಕ್ಕದಲ್ಲಿ ಮಳೆಗಾಲವಿಡೀ ಓಡಾಡುವ ಗಾಡಿಗೆ ಹೊಳ್ಳೆ ಎಷ್ಟು ಮೇಲಿದ್ದರೆ ಅಷ್ಟು ಕ್ಷೇಮ.

ಕೊನೆಗೆ ಆರಿಸಿದ್ದು ಗ್ರಿಲ್ಲಿನ ಹಿಂದೆ, ರೇಡಿಯೇಟರಿಗಿಂತ ಮೇಲೆ, ಒಂದು ಮೂಲೆಯಲ್ಲಿ. ರೇಡಿಯೇಟರಿನ ಮುಂದಿನ ಗಾಳಿ ಇನ್ನೂ ಬಿಸಿಯಾಗಿರುವುದಿಲ್ಲ. ಹೊಳ್ಳೆಯನ್ನು ನೇರವಾಗಿ ಮುಂದಕ್ಕೆ ಇಡದೆ ಸ್ವಲ್ಪ ಪಕ್ಕಕ್ಕೂ ಕೆಳಕ್ಕೂ ತಿರುಗಿಸಿದೆವು. ಎದುರು ಮಳೆ ನೇರ ನುಗ್ಗಬಾರದು. ಬಾಯಿಗೆ ಅಗಲ ಕಣ್ಣಿನ ಜಾಲರಿ. ಜಾಲರಿ ಎಲೆಗಾಗಿ ಎಂದುಕೊಂಡಿದ್ದೆ. ಇಲಿಗಾಗಿ ಎಂದರು ಮೇಸ್ತ್ರಿಗಳು. ಶುಂಠಿ, ಆಲೂಗಡ್ಡೆ ಹೇರುವ ಗಾಡಿಯ ಫಿಲ್ಟರ್ ಡಬ್ಬದಲ್ಲಿ ಇಲಿ ಸಂಸಾರ ಹೂಡಿದ್ದನ್ನು ಅವರು ಎಷ್ಟೋ ಸಲ ಕಂಡಿದ್ದಾರಂತೆ.

ಕೊಳವೆಗೆ ಮೊದಲು ಮೂರಂಗುಲದ ಪಿ.ವಿ.ಸಿ. ನೀರಿನ ಪೈಪನ್ನೇ ಹಾಕಿದೆ. ಅದು ನನ್ನ ಬುದ್ಧಿವಂತಿಕೆ. ಅಗ್ಗ, ನುಣುಪು, ಮೊಳಕೈಗಳು ಸಿದ್ಧವಾಗಿ ಸಿಗುತ್ತವೆ. ಒಂದೇ ಪ್ರಯಾಣದಲ್ಲಿ ಅದು ರೇಡಿಯೇಟರಿನ ಪಕ್ಕದಲ್ಲಿ ಬಾಡಿದ ಬಾಳೆಯ ದಿಂಡಿನಂತೆ ಜೋತುಬಿತ್ತು. ಪಿ.ವಿ.ಸಿ. 80 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆಂಬುದನ್ನು ಆಮೇಲೆ ತಿಳಿದೆ. ಬಳಿಕ ತಗಡಿನ ಕೆಲಸದವರಲ್ಲಿ ಅಲ್ಯುಮಿನಿಯಂ ತಗಡನ್ನು ಸುತ್ತಿಸಿ, ಅದೇ ಅಳತೆಯ ಕೊಳವೆ ಮಾಡಿಸಿದೆವು. ತಿರುವುಗಳು ಎರಡೇ, ಎರಡೂ ದೊಡ್ಡ ಸುತ್ತಿನವು. ಚೂಪು ಮೊಳಕೈಯಲ್ಲಿ ಗಾಳಿ ಸುಳಿ ಸುತ್ತಿ ತಡೆಯುತ್ತದೆ. ಕೊಳವೆ ಗಾಡಿಯ ಒಡಲಿಗೆ ಬಿಗಿದದ್ದು. ಎಂಜಿನ್ನಾದರೋ ತನ್ನ ರಬ್ಬರು ಕಾಲುಗಳ ಮೇಲೆ ಸದಾ ಅಲುಗಾಡುವಂಥದು. ನಮ್ಮ ಡಬ್ಬ ಎಂಜಿನ್ನಿನ ಮೇಲೆಯೇ ಕೂತಿದ್ದರಿಂದ, ನಡುವೆ ಸುಕ್ಕುಸುಕ್ಕಾದ ಒಂದು ರಬ್ಬರು ಹೋಸನ್ನು ಸೇರಿಸಬೇಕಾಯಿತು. ಗಟ್ಟಿ ಕೊಳವೆಯನ್ನೇ ಎರಡು ತುದಿಗೂ ಕಚ್ಚಿಸಿದ್ದರೆ ಒಂದು ತಿಂಗಳಲ್ಲಿ ಬಿರುಕು ಬಿಡುತ್ತಿತ್ತು.

ಡಬ್ಬಕ್ಕೂ ಟರ್ಬೊಗೂ ನಡುವೆ ಒಂದು ಅಲ್ಯುಮಿನಿಯಂ ತಗಡಿನ ಗೋಡೆ ನಿಲ್ಲಿಸಿ, ಅದರ ಅಂಚಿಗೆ ಬಾಗಿಲಿನ ರಬ್ಬರು ಹಚ್ಚಿದೆವು. ಬಾನೆಟ್ ಮುಚ್ಚಿದಾಗ ರಬ್ಬರು ಅದಕ್ಕೆ ಒತ್ತಿಕೊಂಡು ಬಿಸಿಯನ್ನು ಆಚೆಗೇ ತಡೆಯುತ್ತದೆ. ಡಬ್ಬದ ತಳದಲ್ಲಿ ನೀರು ಇಳಿಯಲೆಂದು ಕಂಪನಿಯವರು ಮಾಡಿದ್ದ ಸಣ್ಣ ರಂಧ್ರ ಮಣ್ಣಿನಿಂದ ಮುಚ್ಚಿಹೋಗಿತ್ತು. ಅದನ್ನು ಕಡ್ಡಿಯಿಂದ ಬಿಡಿಸಿದೆವು.

ಫಿಲ್ಟರು ಮಾತ್ರ ಹಳೆಯ ಮಾದರಿಯ ಕಾಗದದ್ದೇ, ಹೊಸದು. ಕೆಂಪು ಫಿಲ್ಟರು ಎಣ್ಣೆ ಸವರಿದ ಹತ್ತಿಯದು. ಅದು ಗಾಳಿಯನ್ನು ಸ್ವಲ್ಪ ಸರಾಗವಾಗಿ ಬಿಡುತ್ತದೆ. ಆ ಸರಾಗದಲ್ಲಿ ಧೂಳಿಗೂ ಒಂದು ಪಾಲಿದೆ. ಒಳ್ಳೆಯ ಕಾಗದದ ಫಿಲ್ಟರು ಧೂಳಿನ ತೂಕದಲ್ಲಿ ನೂರಕ್ಕೆ 99 ಪಾಲಿಗೂ ಹೆಚ್ಚನ್ನು ಹಿಡಿದಿಡುತ್ತದೆ. ಹಾಸನ ಸಕಲೇಶಪುರಗಳ ನಡುವೆ ಚತುಷ್ಪಥ ಕಾಮಗಾರಿ ನಡೆದ ವರ್ಷಗಳಲ್ಲಿ ಆ ದಾರಿಯಲ್ಲಿ ಓಡಾಡಿದವರಿಗೆ ಧೂಳೆಂದರೇನೆಂದು ನಾನು ವಿವರಿಸಬೇಕಾಗಿಲ್ಲ. ರಸ್ತೆಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಉಕ್ಕಿಗಿಂತಲೂ ಗಟ್ಟಿಯಾಗಿರಬಲ್ಲದು. ಅದು ಒಳಹೊಕ್ಕರೆ ಸಿಲಿಂಡರನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಇಲ್ಲೊಂದು ವಿಚಿತ್ರವೂ ಉಂಟು: ಸ್ವಲ್ಪ ಬಳಸಿದ ಕಾಗದದ ಫಿಲ್ಟರು ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಹಿಡಿದ ಧೂಳೇ ಇನ್ನೊಂದು ಜರಡಿಯಾಗುತ್ತದೆ. ದಿನಬೆಳಗಾದರೆ ಫಿಲ್ಟರು ಬಿಚ್ಚಿ ಕೊಡಹುವ ಅಭ್ಯಾಸದಿಂದ ಹಾನಿಯೇ ಹೆಚ್ಚು.

ಮೇಸ್ತ್ರಿಗಳು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು. ಫಿಲ್ಟರಿಗೆ ಮುಂಚಿನ ಕೊಳವೆಯಲ್ಲಿ ಸಣ್ಣ ಸಂದಿ ಉಳಿದರೂ ಚಿಂತೆಯಿಲ್ಲ, ಫಿಲ್ಟರು ಅದನ್ನು ಕ್ಷಮಿಸುತ್ತದೆ. ಫಿಲ್ಟರು ದಾಟಿದ ಮೇಲೆ ಕೂದಲೆಳೆಯಷ್ಟು ಸಂದಿಯನ್ನೂ ಯಾರೂ ಕ್ಷಮಿಸುವುದಿಲ್ಲ. ಅತಿವೇಗದಲ್ಲಿ ತಿರುಗುವ ಟರ್ಬೊ ರೆಕ್ಕೆಗೆ ಒಂದು ವೆಲ್ಡಿಂಗ್ ಕಿಡಿಯ ಚೂರು ಬಡಿದರೂ ಸಾಕು. ಆದ್ದರಿಂದ ಆ ಭಾಗದಲ್ಲಿ ನಮ್ಮ ಕೈಚಳಕವನ್ನೇನೂ ತೋರಿಸಲಿಲ್ಲ. ಮೊದಲಿದ್ದ ರಬ್ಬರಿನ ಮಾದರಿಯದನ್ನೇ ಹೊಸದಾಗಿ ತಂದು, ಹೊಸ ಕ್ಲಾಂಪುಗಳಿಂದ ಬಿಗಿದೆವು. ಹೊಸ ಕಾಲದ ಗಾಡಿಗಳಲ್ಲಿ ಇದೇ ಭಾಗದಲ್ಲಿ, ಬರುವ ಗಾಳಿಯನ್ನು ಅಳೆಯುವ ಒಂದು ಸೂಕ್ಷ್ಮ ತಂತಿ ಇರುತ್ತದೆ. ಕೊಳವೆಯ ಅಗಲ ಬದಲಿಸಿದರೆ ಅದರ ಲೆಕ್ಕ ತಪ್ಪುತ್ತದೆ, ಎಣ್ಣೆ ತಗಲಿದರೆ ಕೆಡುತ್ತದೆ. ನಮ್ಮ ಹಳೆಯ ಗಾಡಿಗೆ ಆ ನಾಜೂಕು ಇರಲಿಲ್ಲ.

ಸಂದಿ ಇದೆಯೇ ಇಲ್ಲವೇ ಎಂದು ನೋಡಲು ಅಮ್ಮನ ದೇವರ ಗೂಡಿನಿಂದ ಎರಡು ಊದುಬತ್ತಿ ತಂದೆ. ಎಂಜಿನ್ನು ನಿಧಾನವಾಗಿ ಓಡುತ್ತಿರುವಾಗ, ಅದರ ಫ್ಯಾನಿನ ಗಾಳಿಗೆ ರಟ್ಟನ್ನು ಮರೆ ಹಿಡಿದು, ಡೀಸೆಲ್ ಕೊಳವೆಗಳಿಂದ ದೂರವೇ ಇದ್ದುಕೊಂಡು, ಪ್ರತಿ ಕೂಡಿಕೆಯ ಸುತ್ತ ಹೊಗೆಯಾಡಿಸುವುದು. ಹೊಗೆ ಎಲ್ಲಿ ಒಳಕ್ಕೆ ಬಾಗುತ್ತದೋ ಅಲ್ಲಿ ಸಂದಿ. ಡಬ್ಬದ ಮುಚ್ಚಳದ ಒಂದು ಮೂಲೆಯಲ್ಲಿ ಬಾಗಿತು. ಅಲ್ಲಿನ ಕೊಂಡಿ ಸಡಿಲವಿತ್ತು. ಎರಡನೆಯ ಪರೀಕ್ಷೆ ಇನ್ನೂ ಸರಳ. ಫಿಲ್ಟರು ದಾಟಿದ ಕೊಳವೆಯ ಒಳಗೋಡೆಗೆ ತೆಳ್ಳಗೆ ಗ್ರೀಸು ಸವರಿ, ವಾರದ ಮೇಲೆ ಬಿಳಿಯ ಬಟ್ಟೆಯಿಂದ ಒರೆಸಿ ನೋಡುವುದು. ನಮ್ಮದು ಮಣ್ಣು ಹತ್ತದೆ ಬಂತು.

ಫಲವೇನಾಯಿತೆಂದು ಕೇಳುವಿರಿ. ಅದೇ ಘಾಟಿ, ಅಷ್ಟೇ ಭಾರ, ಹೊರಗೆ ಅದೇ 32 ಡಿಗ್ರಿ. ಡಬ್ಬದ ಬಾಯಲ್ಲಿ 36. ಕರಿಯ ಹೊಗೆ ಪೂರ್ತಿ ನಿಲ್ಲಲಿಲ್ಲ, ತೆಳುವಾಯಿತು. ಮೊದಲು ಎರಡನೆಯ ಗೇರು ಬೇಕಾಗುತ್ತಿದ್ದ ಎರಡು ತಿರುವುಗಳನ್ನು ಈಗ ಮೂರನೆಯದರಲ್ಲಿ ದಾಟುತ್ತಾನೆ. ಉಳಿದವು ಹಾಗೆಯೇ ಇವೆ. ಇದಕ್ಕಿಂತ ಹೆಚ್ಚನ್ನು ಬಯಸುವಂತೆಯೂ ಇಲ್ಲ. ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ನಿರ್ಧರಿಸುವುದು ಪಂಪು ಎಷ್ಟು ಡೀಸೆಲ್ ಕೊಡುತ್ತದೆಂಬುದು. ಗಾಳಿ ಹೆಚ್ಚಾದರೆ ಕೊಟ್ಟದ್ದು ಚೆನ್ನಾಗಿ ಉರಿಯುತ್ತದೆ, ಅಷ್ಟೆ. ಅಲ್ಲದೆ ಘಾಟಿ ಏರಿದಂತೆ ಗಾಳಿ ತಾನಾಗಿ ತೆಳುವಾಗುತ್ತದೆ. 900 ಮೀಟರಿಗೂ ಮೇಲಿರುವ ಸಕಲೇಶಪುರದಲ್ಲಿ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಅದಕ್ಕೆ ಯಾವ ತಗಡಿನ ಕೆಲಸದವರೂ ಕೊಳವೆ ಮಾಡಿಕೊಡಲಾರರು.

ಮೈಲೇಜು? ಬದಲಾಗಿಲ್ಲವೆಂದೇ ಹೇಳಬೇಕು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ, ಫಿಲ್ಟರು ಕಟ್ಟಿಕೊಂಡ ಗಾಡಿಗಳನ್ನೂ ಹೊಸ ಫಿಲ್ಟರಿನ ಗಾಡಿಗಳನ್ನೂ ಪರೀಕ್ಷಿಸಿ, ಕಂಪ್ಯೂಟರಿನ ಹಿಡಿತದಲ್ಲಿರುವ ಪೆಟ್ರೋಲ್ ಕಾರುಗಳಲ್ಲಿ ಮೈಲೇಜಿಗೆ ಗಣನೀಯ ವ್ಯತ್ಯಾಸವಿಲ್ಲವೆಂದು ಕಂಡರು; ವೇಗ ಪಡೆಯುವ ಚುರುಕು ಮಾತ್ರ ಕುಗ್ಗಿತ್ತು. ನಮ್ಮದು ಬೇರೆ ಜಾತಿಯ ಎಂಜಿನ್ನು. ಆದರೂ ಅಣ್ಣನ ಡೈರಿಯ ಲೆಕ್ಕ ನಾಲ್ಕು ತಿಂಗಳಿನಿಂದ ಹಿಂದಿನಂತೆಯೇ ಇದೆ.

ಕೊಳವೆ, ತಗಡು, ಫಿಲ್ಟರು, ರಬ್ಬರು, ಮೇಸ್ತ್ರಿಗಳ ಕೂಲಿ, ಹಾಳಾದ ಪಿ.ವಿ.ಸಿ. ಎಲ್ಲ ಸೇರಿ ಎರಡು ಸಾವಿರದ ಮುನ್ನೂರು ರೂಪಾಯಿ ಖರ್ಚಾಯಿತು. ಊದುಬತ್ತಿಯನ್ನು ಅಮ್ಮ ಲೆಕ್ಕಕ್ಕೆ ಹಿಡಿಯಲಿಲ್ಲ.

ಜುಲೈ ಕೊನೆಯ ವಾರ ಜೋರು ಮಳೆಯಲ್ಲಿ ಅಣ್ಣನ ಜೊತೆ ಮತ್ತೊಮ್ಮೆ ಏರಿಬಂದೆ. ರಸ್ತೆಯ ಮೇಲೆ ಹರಿಯುತ್ತಿದ್ದ ನೀರನ್ನು ಮುಂದಿನ ಲಾರಿ ಎರಚಿ ನಮ್ಮ ಗಾಜಿಗೆ ಬಡಿಯಿತು. ನಾನು ಉಸಿರು ಬಿಗಿಹಿಡಿದೆ. ಎಂಜಿನ್ನು ಬಿಗಿಹಿಡಿಯಲಿಲ್ಲ. ಮಾರನಹಳ್ಳಿಯಲ್ಲಿ ನಿಲ್ಲಿಸಿ ಡಬ್ಬ ಬಿಚ್ಚಿ ನೋಡಿದರೆ ಕಾಗದ ಒಣಗಿತ್ತು, ತಳದ ರಂಧ್ರದಿಂದ ನಾಲ್ಕು ಹನಿ ತೊಟ್ಟಿಕ್ಕಿತು. ಅಣ್ಣ ಚಹಾ ತರಿಸಿ, ಲೋಟ ಕೈಯಲ್ಲಿ ಹಿಡಿದುಕೊಂಡು, “ಎಲ್ಲ ಸರಿ ಕಣೋ, ಆ ಸದ್ದೊಂದು ಹೋಯ್ತಲ್ಲ” ಎಂದ.

ಕೆಂಪು ಫಿಲ್ಟರು ನಮ್ಮ ಅಟ್ಟದ ಮೇಲೆ, ತಾನು ಬಂದ ಪೆಟ್ಟಿಗೆಯಲ್ಲಿಯೇ ಇದೆ. ಅದರ ಬೆಲೆ ಅಪ್ಪನಿಗೆ ಇನ್ನೂ ತಿಳಿಯದು. ಅವರು ಕಾಲೇಜು ಪತ್ರಿಕೆಯನ್ನು ಓದುವುದಿಲ್ಲವೆಂಬ ಧೈರ್ಯದಿಂದ ಇಲ್ಲಿ ಬರೆದಿದ್ದೇನೆ.